ಪ್ಲಾಸ್ಟಿಕ್ ಫೈಬರ್: ತುದಿಯನ್ನು ನಯವಾಗಿ ಕತ್ತರಿಸುವುದು ಹೇಗೆ?

ಟಿವಿಯಿಂದ ಸೌಂಡ್‌ಬಾರ್‌ಗೆ ಹೋಗುವ ಆಪ್ಟಿಕಲ್ ಕೇಬಲ್ ಆಗಲಿ, ಕಾರ್ಖಾನೆಯ ಫೈಬರ್ ಸೆನ್ಸರ್ ಆಗಲಿ, ಒಳಗಿರುವುದು ಹೆಚ್ಚಾಗಿ 1 ಮಿ.ಮೀ. ದಪ್ಪದ ಅಕ್ರಿಲಿಕ್ ಎಳೆ. ತುದಿ ಒರಟಾಗಿದ್ದರೆ ಬೆಳಕು ಅಲ್ಲೇ ಚದುರಿಹೋಗುತ್ತದೆ.

ಗಾಜಿನ ಫೈಬರನ್ನು ಗೀರಿ ಎಳೆದರೆ ಕನ್ನಡಿಯಂತೆ ಮುರಿಯುತ್ತದೆ. ಅಕ್ರಿಲಿಕ್ ಹಾಗಲ್ಲ, ಒತ್ತಿದರೆ ಜಜ್ಜಿಹೋಗುತ್ತದೆ. ಕತ್ತರಿ, ಕಟಿಂಗ್ ಪ್ಲೇಯರ್ ಎರಡು ಕಡೆಯಿಂದ ಹಿಸುಕುವುದರಿಂದ ದುಂಡನೆಯ ತುದಿ ಚಪ್ಪಟೆಯಾಗುತ್ತದೆ. ಸುಮಾರು 0.01 ಮಿ.ಮೀ. ತೆಳುವಿನ ಹೊರಪದರವೂ ಕಿತ್ತುಬರುತ್ತದೆ. ಆದ್ದರಿಂದ ಬ್ಲೇಡೇ ಬೇಕು, ಅದೂ ಹೊಸದು.

ಸೆನ್ಸರ್ ಜೊತೆ ಬರುವ ಪುಟ್ಟ ಕಟರ್ ಇದ್ದರೆ ಅದನ್ನೇ ಬಳಸಿ. ಅದರ ತೂತು ಫೈಬರನ್ನು ಬ್ಲೇಡಿಗೆ ನೇರವಾಗಿ ಹಿಡಿಯುತ್ತದೆ. ಒಂದು ತೂತಿನಲ್ಲಿ ಒಂದೇ ಸಲ ಕತ್ತರಿಸಿ: ಒಮ್ಮೆ ಬಳಸಿದ ಜಾಗದಲ್ಲಿ ಅಲಗು ಮೊಂಡಾಗಿರುತ್ತದೆ. ಈ ಮಾತನ್ನು ಹಲವರು ಕಡೆಗಣಿಸುತ್ತಾರೆ, ಕೆಟ್ಟ ತುದಿಗೆ ಅದೇ ದೊಡ್ಡ ಕಾರಣ. ಒತ್ತುವಾಗ ನಡುವೆ ನಿಲ್ಲಿಸಬೇಡಿ, ಗರಗಸದಂತೆ ಎಳೆದಾಡಬೇಡಿ. ಒಂದೇ ಒತ್ತಿಗೆ ತುಂಡಾಗಬೇಕು. ಲೈಟರ್‌ನಿಂದ ಬಿಸಿ ಮಾಡುವುದಂತೂ ಬೇಡವೇ ಬೇಡ. ಅಕ್ರಿಲಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ.

ಸೆನ್ಸರ್‌ಗೆ ಇಷ್ಟು ಸಾಕು. ಕನೆಕ್ಟರ್ ಹಾಕುವುದಿದ್ದರೆ ಪಾಲಿಶ್ ಮಾಡಬೇಕು. ಫೈಬರ್ ಕನೆಕ್ಟರಿನಿಂದ 1.5 ಮಿ.ಮೀ. ಮೀರದಂತೆ ಹೊರಚಾಚಿರಲಿ. ಸಮತಟ್ಟಾದ ಗಾಜಿನ ಮೇಲೆ 600 ನಂಬರಿನ ವಾಟರ್ ಪೇಪರ್ ಹಾಸಿ, ಕನೆಕ್ಟರನ್ನು ನೆಟ್ಟಗೆ ಹಿಡಿದು, 8ರ ಆಕಾರದಲ್ಲಿ ಹಗುರವಾಗಿ ಉಜ್ಜಿ. ಹೀಗೆ ಸುತ್ತಿಸಿದರೆ ತುದಿ ಒಂದೇ ಕಡೆ ಸವೆಯುವುದಿಲ್ಲ. ಚಾಚಿದ ಭಾಗ ಸವೆದು ಕನೆಕ್ಟರ್ ಮಟ್ಟಕ್ಕೆ ಬಂದ ಮೇಲೆ ಪುಡಿಯನ್ನು ಚೆನ್ನಾಗಿ ಒರೆಸಿ. ಉಳಿದ ಒಂದು ಒರಟು ಕಣವೂ ಮುಂದಿನ ಹಂತದಲ್ಲಿ ಗೀರು ಎಳೆಯುತ್ತದೆ. ಬಳಿಕ 3 ಮೈಕ್ರಾನಿನ ಲ್ಯಾಪಿಂಗ್ ಫಿಲ್ಮ್ (ತುಂಬಾ ನಯವಾದ ಪಾಲಿಶ್ ಹಾಳೆ) ಮೇಲೆ ಸುಮಾರು 25 ಸುತ್ತು. ಒರೆಸಲು ನೂಲು ಬಿಡದ ಒಣಬಟ್ಟೆ ಸಾಕು. ಅಸಿಟೋನ್, ಥಿನ್ನರ್ ತಾಗಿದರೆ ಅಕ್ರಿಲಿಕ್ ಕರಗುತ್ತದೆ.

ಪರೀಕ್ಷಿಸಲು ಉಪಕರಣದಿಂದ ಕಳಚಿದ ಫೈಬರಿನ ಇನ್ನೊಂದು ತುದಿಯನ್ನು ಕೋಣೆಯ ದೀಪದತ್ತ ಹಿಡಿದು, ಈ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಲೇಸರ್ ಹಾಯಿಸಿ ನೋಡಲೇಬಾರದು. ತುಂಬು ವೃತ್ತ ಒಂದೇ ಸಮನೆ ಬೆಳಗಬೇಕು. ಕಪ್ಪು ಗೆರೆ ಕಂಡರೆ ಗೀರು, ಮತ್ತೆ ಫಿಲ್ಮ್ ಮೇಲೆ ಉಜ್ಜಿ. ಅಂಚು ಚಕ್ಕೆಯೆದ್ದಿದ್ದರೆ ಹೊಸದಾಗಿ ಕತ್ತರಿಸಿ.

ಎಷ್ಟೇ ನುಣುಪಾದ ತುದಿಯಲ್ಲೂ ಸುಮಾರು ಶೇ 4ರಷ್ಟು ಬೆಳಕು ಪ್ರತಿಫಲನದಲ್ಲಿ ಹೋಗುತ್ತದೆ. ಅದು ಉಜ್ಜಿ ತಪ್ಪಿಸುವಂಥದ್ದಲ್ಲ. ಹಾಗಾಗಿ ವೃತ್ತ ಪೂರ್ತಿ ಬೆಳಗಿದೊಡನೆ ಪಾಲಿಶ್ ನಿಲ್ಲಿಸಿ, ದೂಳು ಕೂರುವ ಮುನ್ನ ಕ್ಯಾಪ್ ಹಾಕಿ.