ಕಾರವಾರದಲ್ಲಿ ಡಿಆರ್‌ಎಂ: ಮನೆ ಸುಮ್ಮನಾದ ಮೇಲೆ ಸಿಕ್ಕ ಧಾರವಾಡ

‘ಕಾರವಾರದಲ್ಲಿ ಮೀಡಿಯಂ ವೇವ್ ಡಿಜಿಟಲ್ ಸಿಗೂದಿಲ್ಲ, ಕೇಳ್ಲೇಬೇಕಂದ್ರೆ ಹೊಸ ಕಾರ್ ತಗೊಳ್ರಿ’ ಅಂದವರು ಒಬ್ಬಿಬ್ಬರಲ್ಲ. ಡಿಆರ್‌ಎಂ (ಡಿಜಿಟಲ್ ರೇಡಿಯೊ ಮೊಂಡಿಯಲ್) ಅಂದರೆ ಆಕಾಶವಾಣಿಯ ಮಾಮೂಲಿ ಅನಲಾಗ್ ಪ್ರಸಾರದ ಪಕ್ಕದಲ್ಲೇ ಬರುವ ಡಿಜಿಟಲ್ ಪ್ರಸಾರ, ಅದನ್ನು ಹಿಡಿಯುವ ರೇಡಿಯೊ ಕೆಲವು ಹೊಸ ಕಾರುಗಳಲ್ಲಿ ಇರುತ್ತದೆ. ನಾನು ಕಾರಿನ ಬದಲು ಲ್ಯಾಪ್‌ಟಾಪಿಗೆ ಚುಚ್ಚುವ ಆರ್‌ಟಿಎಲ್ ಡಾಂಗಲ್ ಎಂಬ ರೇಡಿಯೊ, ಡಿಆರ್‌ಎಂ ಬಿಡಿಸುವ ಡ್ರೀಮ್ ಎಂಬ ಸಾಫ್ಟ್‌ವೇರ್ ಹಿಡಿದು ಕೂತೆ. ಈಗ ಕೋಡಿಬಾಗದಲ್ಲಿ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಪಕ್ಕದ ಡಿಜಿಟಲ್ ಬ್ಲಾಕ್ ಹಗಲು ಮೂರು-ನಾಲ್ಕು ತಾಸು ಕಡಿಯದೆ ಬರುತ್ತದೆ. ಪಣಜಿ 1287ರ ಪಕ್ಕದ್ದು ಅದಕ್ಕೂ ಗಟ್ಟಿ. ಕೆಲಸಕ್ಕೆ ಬಂದ ಸಾಮಾನಿಗೆ ಆರು ಸಾವಿರದ ಹತ್ತಿರ ಹೋಯಿತು. ಸುಮ್ಮನೆ ದಂಡವಾದದ್ದು ಬೇರೆ ಐದು ಸಾವಿರ ಇರಬಹುದು.

ದಂಡದ ಲೆಕ್ಕವೇ ಮೊದಲು. ತೆಂಗಿನಿಂದ ತೆಂಗಿಗೆ ಇಪ್ಪತ್ತು ಮೀಟರ್ ತಂತಿ ಎಳೆದದ್ದು ಮೊದಲ ತಪ್ಪು. ಸಿಗ್ನಲ್ ಮೀಟರ್ ಮೇಲೇರಿತು, ಡ್ರೀಮ್ ತೋರಿಸುವ ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬ ಅಳತೆ) ಮಾತ್ರ 9-10 ಡೆಸಿಬೆಲ್ ಬಿಟ್ಟು ಅಲ್ಲಾಡಲಿಲ್ಲ. ಡ್ರೀಮ್‌ನ ಪರದೆಯಲ್ಲಿ ಎಫ್‌ಎಸಿ (ಬ್ಲಾಕ್‌ನ ಮೂಲ ಗುರುತು) ದೀಪ ಹಸಿರು, ಎಸ್‌ಡಿಸಿ (ಪ್ರಸಾರದ ವಿವರ) ಮಿಣುಕು, ಎಂಎಸ್‌ಸಿ (ಸ್ವರ) ಕೆಂಪು. ಕೇಂದ್ರದ ಹೆಸರು ಪರದೆ ಮೇಲೆ ಬರುತ್ತದೆ, ಸ್ವರ ಬರುವುದಿಲ್ಲ. ಎಫ್‌ಎಸಿ ಇರುವುದು 4-ಕ್ವಾಮ್ ಎಂಬ ನಾಲ್ಕೇ ಹಂತದ ಒರಟು ಸಂಕೇತದಲ್ಲಿ, ಎಂಥ ಗದ್ದಲದಲ್ಲೂ ಅದು ಬದುಕುತ್ತದೆ. ಸ್ವರ ಇರುವುದು ಅರವತ್ನಾಲ್ಕು ಹಂತದ ನವಿರಾದ 64-ಕ್ವಾಮ್‌ನಲ್ಲಿ, ಅದಕ್ಕೆ 15-16 ಡೆಸಿಬೆಲ್ ಆದರೂ ಬೇಕು. ಹಾಗಾಗಿ ಎಫ್‌ಎಸಿ ಹಸಿರಾಯಿತೆಂದು ಕುಣಿಯಬೇಡಿ.

ಎರಡನೆಯದು ಸಾವಿರದೆಂಟುನೂರು ಕೊಟ್ಟ ಬ್ರಾಡ್‌ಬ್ಯಾಂಡ್ ಆಂಪ್ಲಿಫಯರ್. ಆರ್‌ಟಿಎಲ್ ಡಾಂಗಲ್‌ನಲ್ಲಿ ಸಿಗ್ನಲನ್ನು ಅಂಕಿಯಾಗಿಸುವ ಎಡಿಸಿ ಬರೀ 8 ಬಿಟ್‌ನದು. ಧಾರವಾಡ, ಪಣಜಿ, ಮಂಗಳೂರು ಎಲ್ಲವನ್ನೂ ಒಟ್ಟಿಗೆ ಉಬ್ಬಿಸಿ ಅದರ ಬಾಯಿಗೆ ತುರುಕಿದರೆ ಬ್ಯಾಂಡ್ ತುಂಬ ಸುಳ್ಳು ಕೇಂದ್ರಗಳು ಏಳುತ್ತವೆ. ಡಿಜಿಟಲ್ ಬ್ಲಾಕ್‌ಗೆ ಸಿಗುವ ಶಕ್ತಿ ಪಕ್ಕದ ಅನಲಾಗ್ ಕ್ಯಾರಿಯರ್‌ಗಿಂತ ಬಹಳ ಕಡಿಮೆ, ಮೊದಲು ಮುಳುಗುವುದು ಅದೇ. ಆಂಪ್ಲಿಫಯರ್ ಈಗ ಡಬ್ಬಿಯಲ್ಲಿದೆ.

ದಾರಿ ತೋರಿಸಿದ್ದು ಮೇನ್ ಸ್ವಿಚ್. ಲ್ಯಾಪ್‌ಟಾಪ್ ಬ್ಯಾಟರಿ ಮೇಲಿಟ್ಟು ಮನೆಯ ಮೇನ್ ತೆಗೆದರೆ ಎಸ್‌ಎನ್‌ಆರ್ ಹತ್ತರಿಂದ ಹದಿನೇಳಕ್ಕೆ ಹಾರಿತು. ಆಂಟೆನಾ ಅದೇ, ಡಾಂಗಲ್ ಅದೇ. ಕೊರತೆ ಸಿಗ್ನಲ್‌ನದಲ್ಲ, ಗದ್ದಲದ್ದು. ಆಮೇಲೆ ಒಂದೊಂದೇ ಎಂಸಿಬಿ ಏರಿಸುತ್ತ ಕಳ್ಳರನ್ನು ಹಿಡಿಯಬೇಕು. ಸಿಕ್ಕವರು: ಎರಡು ಅಗ್ಗದ ಎಲ್‌ಇಡಿ ಬಲ್ಬು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್. ಎಲ್ಲಕ್ಕಿಂತ ದೊಡ್ಡ ಕಳ್ಳ ಲ್ಯಾಪ್‌ಟಾಪಿನದೇ ಚಾರ್ಜರ್. ಬಲ್ಬು ಬದಲಿಸಿದೆ, ಕೇಳುವಾಗ ರೆಗ್ಯುಲೇಟರ್ ಪೂರ್ತಿ ವೇಗದಲ್ಲಿಟ್ಟೆ. ಉಳಿದವುಗಳ ತಂತಿಗೆ ಗದ್ದಲ ತಡೆಯುವ ಫೆರೈಟ್ ರಿಂಗಿನಲ್ಲಿ (31 ಮಿಕ್ಸ್ ಎಂಬ ಬಗೆಯದು) ಹತ್ತು-ಹನ್ನೆರಡು ಸುತ್ತು ಹಾಕಿದೆ. 43 ಮಿಕ್ಸ್ ಶಾರ್ಟ್‌ವೇವ್‌ಗೆ ಸರಿ, ಮೀಡಿಯಂ ವೇವ್‌ನಲ್ಲಿ ಅದು ಸೋಮಾರಿ. ಆಂಟೆನಾದಿಂದ ಬರುವ ಕೋಆಕ್ಸ್ ಕೇಬಲ್‌ಗೆ ಎರಡೂ ತುದಿಯಲ್ಲಿ ರಿಂಗ್ ಬೇಕು, ಯುಎಸ್‌ಬಿ ತಂತಿಗೆ ಒಂದು. ರಿಂಗುಗಳಿಗೇ ಸಾವಿರದೈನೂರು ದಾಟಿತು. ಆದರೂ ಇಡೀ ಹೂಡಿಕೆಯಲ್ಲಿ ಬಡ್ಡಿ ಸಮೇತ ತಿರುಗಿ ಬಂದ ಹಣ ಅದೊಂದೇ.

ಆಂಟೆನಾ ಒಂದು ಮೀಟರ್ ವ್ಯಾಸದ ಲೂಪ್. ಫ್ರಿಜ್ ರಿಪೇರಿಯವರ ಹತ್ತಿರ ಸಿಗುವ ತಾಮ್ರದ ಪೈಪ್, ನಿಲ್ಲಿಸಲು ಅಡಿಕೆ ದಬ್ಬೆ, ಮನೆಯಿಂದ ಹದಿನೈದು ಮೀಟರ್ ದೂರ. ಲೂಪನ್ನು ಕೇಂದ್ರದ ಕಡೆ ತಿರುಗಿಸಲು ಹೆಣಗಬೇಡಿ. ಅದು ಹೆಚ್ಚು ಹಿಡಿಯುವ ದಿಕ್ಕು ಅಗಲ, ಇಪ್ಪತ್ತು ಡಿಗ್ರಿ ಆಚೀಚೆಯಾದರೂ ನಷ್ಟ ಗೊತ್ತಾಗುವುದಿಲ್ಲ. ಏನೂ ಹಿಡಿಯದ ಶೂನ್ಯದ ದಿಕ್ಕು ಚೂಪು. ಅದನ್ನು ನೆರೆಮನೆಯ ಇನ್ವರ್ಟರ್ ಕಡೆ ಕೂರಿಸಿದಾಗ ಇನ್ನೂ ಮೂರು ಡೆಸಿಬೆಲ್ ಸಿಕ್ಕಿತು. ಆದರೆ ಧಾರವಾಡದ ಅನಲಾಗ್ ಸಿಗ್ನಲ್‌ನ ಅಂಚು (ಸೈಡ್‌ಬ್ಯಾಂಡ್) ಡಿಜಿಟಲ್ ಬ್ಲಾಕ್‌ಗೆ ಉಜ್ಜುವುದನ್ನು ಲೂಪ್ ತಪ್ಪಿಸಲಾರದು, ಎರಡೂ ಬರುವುದು ಒಂದೇ ದಿಕ್ಕಿನಿಂದ. ಲೂಪಿನ ಬುಡದ ಟ್ರಾನ್ಸ್‌ಫಾರ್ಮರ್‌ಗೆ ಎಷ್ಟು ಸುತ್ತು, ಯಾವ ಕಡೆ ಅರ್ಥ್ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ದಿನ ಸುತ್ತಿ ಬಿಚ್ಚಿದವರಿಗೆ ತಾನಾಗಿ ಸಿಗುತ್ತದೆ.

ಕರಾವಳಿಯವರಿಗೆ ಇನ್ನೊಂದು ಮಾತು. ಉಪ್ಪುಗಾಳಿಗೆ ಕನೆಕ್ಟರ್ ಒಂದೇ ಮಳೆಗಾಲದಲ್ಲಿ ಹಸಿರು ಹಿಡಿಯುತ್ತದೆ. ಸಿಲಿಕೋನ್ ಗ್ರೀಸ್ ಒಳಗೆ, ತನಗೆ ತಾನೇ ಅಂಟುವ ರಬ್ಬರ್ ಟೇಪ್ ಹೊರಗೆ. ಲೂಪಿನ ಬುಡದ ಡಬ್ಬಿಯ ತಳಕ್ಕೆ ಸಣ್ಣ ತೂತು ಇರಲೇಬೇಕು. ಪೂರ್ತಿ ಮುಚ್ಚಿದ ಡಬ್ಬಿಯಲ್ಲಿ ಆಷಾಢ ಮುಗಿಯುವುದರೊಳಗೆ ಒಂದು ಗುಟುಕು ನೀರು ನಿಂತಿರುತ್ತದೆ.

ಸಾಫ್ಟ್‌ವೇರ್‌ನಲ್ಲಿ ಎಡವುವ ಜಾಗ ಕೆಲವೇ. ನಾಯ್ಸ್ ರಿಡಕ್ಷನ್, ನಾಯ್ಸ್ ಬ್ಲ್ಯಾಂಕರ್ ಎರಡೂ ಬಂದ್. ಸಿಗ್ನಲ್ ಮಟ್ಟವನ್ನು ತಾನಾಗಿ ಹೊಂದಿಸುವ ಎಜಿಸಿ ನಿಧಾನ. ಬ್ಯಾಂಡ್‌ವಿಡ್ತ್ 10 ಕಿಲೋಹರ್ಟ್ಸ್‌ಗಿಂತ ಕೂದಲೆಳೆ ಹೆಚ್ಚು. ಡಾಂಗಲ್‌ನ ಸಾಫ್ಟ್‌ವೇರ್‌ನಿಂದ ಡ್ರೀಮ್‌ಗೆ ಸಿಗ್ನಲ್ ಸಾಗಿಸುವ ವರ್ಚುವಲ್ ಕೇಬಲ್‌ನ ಎರಡೂ ತುದಿಯ ಸ್ಯಾಂಪಲ್ ದರ 48,000ಕ್ಕೇ ಇರಲಿ. ಒಂದು 44,100 ಆಗಿದ್ದರೆ ಎಸ್‌ಎನ್‌ಆರ್ ಚೆನ್ನಾಗಿದ್ದೂ ಆಗಾಗ ಸ್ವರ ತುಂಡಾಗುತ್ತದೆ, ನೀವು ಆಂಟೆನಾವನ್ನು ಬೈಯುತ್ತ ಕೂರುತ್ತೀರಿ. ಒಂದೂ ದೀಪ ಹತ್ತದಿದ್ದರೆ ಸ್ಪೆಕ್ಟ್ರಮ್ ತಲೆಕೆಳಗು ಮಾಡಿ ನೋಡಿ.

ಸೂರ್ಯ ಕಂತಿದ ಮೇಲೆ ಆಟ ಬೇರೆ. ಆಕಾಶದಿಂದ ಮರಳುವ ಅಲೆ ನೆಲದ ಅಲೆಯ ಜೊತೆ ಬೆರೆತು ಬ್ಲಾಕ್‌ನಲ್ಲಿ ಕಂದಕಗಳು ಬೀಳುತ್ತವೆ. ಘಟ್ಟ, ಕಾಡು, ಒಣ ಚೀರೆಕಲ್ಲಿನ ನೆಲ ದಾಟಿ ಬರುವ ಧಾರವಾಡ ಏಳು ಗಂಟೆಗೆಲ್ಲ ಸುಸ್ತು. ಉಪ್ಪುನೀರಿನಗುಂಟ ಬರುವ ಪಣಜಿ ಒಂಬತ್ತರವರೆಗೂ ನಿಲ್ಲುತ್ತದೆ.

ಧ್ವನಿಯ ಬಗ್ಗೆ ಹೊಗಳಿಕೆಯನ್ನೇ ಬರೆದವರನ್ನು ನಂಬಬೇಡಿ. ಒಟ್ಟು ಸಿಗುವುದು ಸೆಕೆಂಡಿಗೆ 20 ಕಿಲೋಬಿಟ್ ಸುಮಾರು. ಅದನ್ನೇ ಎರಡು ಕಾರ್ಯಕ್ರಮಕ್ಕೆ ಹಂಚಿದರೆ ವಾರ್ತೆ, ಕೃಷಿ ಮಾತುಕತೆ ಸ್ಪಷ್ಟ, ಹಿನ್ನೆಲೆಯ ಗುಂಯ್‌ಗುಟ್ಟುವಿಕೆ ಪೂರ್ತಿ ಮಾಯ. ಆದರೆ ತಂಬೂರಿ ನೀರಲ್ಲಿ ಅದ್ದಿದಂತೆ, ಚಂಡೆಯ ಪೆಟ್ಟಿಗೆ ಮುಂಚೆಯೇ ಅದರ ಮಸುಕು ಕೇಳುತ್ತದೆ. ಎಕ್ಸ್‌ಎಚ್‌ಇ-ಎಎಸಿ ಎಂಬ ಹೊಸ ಧ್ವನಿ ಸಂಕೋಚನ ಬಳಸಿದ ಪ್ರಸಾರ ಇಷ್ಟೇ ಬಿಟ್‌ನಲ್ಲಿ ಎಷ್ಟೋ ವಾಸಿ, ಅದಕ್ಕೆ ಡ್ರೀಮ್‌ಗೆ ಬೇರೆ ಡಿಕೋಡರ್ ಲೈಬ್ರರಿ ಸೇರಿಸಬೇಕು. ಸಂಗೀತಕ್ಕೆ ಕಾರವಾರ ಆಕಾಶವಾಣಿಯ ಎಫ್‌ಎಂ ಈಗಲೂ ಮೇಲು. ಸಿಡಿಲಿಗೆ ಚರ್‌ರ್ ಅನ್ನುವುದಿಲ್ಲ ನಿಜ, ಬದಲಿಗೆ ಮಾತಿನ ನಡುವೆ ಮೌನ ಬೀಳುತ್ತದೆ. ಬಿಣಗಾ ಕಡೆಯ ಸುರಂಗದಲ್ಲಿ ಕಾರಿನ ಡಿಆರ್‌ಎಂ ಕೇಳಿದವರಿಗೆ ಇದು ಗೊತ್ತು. ಹೊರಬಿದ್ದ ಮೇಲೂ ಎರಡು-ಮೂರು ಸೆಕೆಂಡು ಸುಮ್ಮನಿದ್ದು ಆಮೇಲೆ ಬಾಯಿಬಿಡುತ್ತದೆ. ದತ್ತಾಂಶವನ್ನು ಅಷ್ಟು ಹೊತ್ತಿಗೆ ಹರಡಿ ಕಳಿಸುವುದರ ಬೆಲೆ ಅದು.

ಇದೇ ಸಾಮಾನನ್ನು ಶಿರಸಿ ಹತ್ತಿರದ ಒಂದು ಅಡಿಕೆ ತೋಟಕ್ಕೂ ಒಯ್ದು ನೋಡಿದ್ದಾಯಿತು. ಹತ್ತಿರದಲ್ಲಿ ಕರೆಂಟಿನ ತಂತಿಯೇ ಇಲ್ಲ. ಧಾರವಾಡ ಹತ್ತೊಂಬತ್ತು ಡೆಸಿಬೆಲ್, ಅದೂ ಲೂಪ್ ನೆಲದ ಮೇಲಿಟ್ಟು. ಬೆಳಗಿನ ಜಾವ ಬೆಂಗಳೂರು 612ರ ಪಕ್ಕವೂ ಎಫ್‌ಎಸಿ ಹಸಿರಾಗಿ ನಿಂತಿತು, ಸ್ವರ ಬರಲಿಲ್ಲ. ಎರಡು ಲೂಪ್ ಅಡ್ಡಲಾಗಿಟ್ಟು ಫೇಸ್ ಹೊಂದಿಸಿದರೆ ಅದೂ ಬಂದೀತು. ಪೈಪ್ ಬಂದಿದೆ, ಮಳೆ ಬಿಡಬೇಕು.