ಗುಜರಿಗೆ ಹೋಗಬೇಕಿದ್ದ ಟ್ರೆಡಲ್

2019ರಲ್ಲಿ ಗುಜರಿಯವರು ಬಂದು ನಮ್ಮ ಪ್ರೆಸ್ಸಿನ ಮೂಲೆಯಲ್ಲಿದ್ದ ಟ್ರೆಡಲ್ ಮಿಷನ್ನನ್ನು (ಸೀಸದ ಅಚ್ಚುಮೊಳೆಯಿಂದ ಮುದ್ರಿಸುವ ಹಳೇ ಮಿಷನ್) ಸುತ್ತ ನೋಡಿ, ಕಾಲಲ್ಲಿ ಒಂದ್ಸಲ ತಟ್ಟಿ, ಕೆಜಿ ಲೆಕ್ಕದಲ್ಲಿ ರೇಟು ಹೇಳಿ ಹೋಗಿದ್ದರು. ನಾನೂ ಒಪ್ಪಿದ್ದೆ. ಆದರೆ ಅದನ್ನು ಎತ್ತೋಕೆ ಐದಾರು ಜನ ಬೇಕು, ಬಾಗಿಲು ಬೇರೆ ಬಿಚ್ಚಬೇಕು. ಹಬ್ಬ ಕಳೀಲಿ, ಮದುವೆ ಸೀಸನ್ ಮುಗೀಲಿ ಅಂತ ಮುಂದೆ ಹಾಕ್ತಾ ಬಂದೆ. ಆ ಸೋಮಾರಿತನವೇ ಮುಂದೆ ನಮ್ಮನ್ನು ಉಳಿಸಿತು. ಕಾಲ ಬದಲಾದಾಗ ಹೇಗೆ ಹೊಂದಿಕೊಂಡಿರಿ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಮೊದಲು ಹೇಳೋದು. ನಾನೇನೋ ದೊಡ್ಡ ಪ್ಲಾನ್ ಮಾಡಿದ್ದೆ ಅಂತ ಯಾರೂ ಅಂದುಕೊಳ್ಳಬಾರದು, ಅಲ್ವಾ.

ನಮ್ಮದು ತಿಪಟೂರಿನಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್. ಅಪ್ಪ 1974ರಲ್ಲಿ ಶುರು ಮಾಡಿದ್ದು. ಕೊಬ್ಬರಿ ಮಂಡಿಗಳ ಬಿಲ್ ಬುಕ್, ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಎಲೆಕ್ಷನ್ ಬಂದರೆ ಹ್ಯಾಂಡ್‌ಬಿಲ್. (ಎಲೆಕ್ಷನ್ ಹ್ಯಾಂಡ್‌ಬಿಲ್‌ನಲ್ಲಿ ಮುದ್ರಕರ ಹೆಸರು, ವಿಳಾಸ ಇರಲೇಬೇಕು ಅಂತ ಕಾನೂನು. ನಮಗೆ ಅದು ಪುಕ್ಕಟೆ ಜಾಹೀರಾತು.) ಅಪ್ಪನ ಕಾಲದಿಂದ ಇರುವ ಒಬ್ಬ ಕಂಪೋಸಿಟರ್ ಇದ್ದಾರೆ, ನಾನು ಚಿಕ್ಕಂದಿನಿಂದ ಮಾವ ಅಂತಲೇ ಕರೆಯೋದು. ಸೀಸದ ಅಚ್ಚುಮೊಳೆ ಜೋಡಿಸಿ ಜೋಡಿಸಿ ಅವರಿಗೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಓದುವ ಅಭ್ಯಾಸ. ಮೊಳೆ ಬದಲು ಪ್ಲೇಟಿನಿಂದ ಮುದ್ರಿಸುವ ಆಫ್‌ಸೆಟ್ ಬಂದ ಮೇಲೆ ಮೊಳೆ ಕೆಲಸ ನಿಂತಿತು. ಅಪ್ಪ ಅವರನ್ನು ಪ್ರೂಫ್ ನೋಡೋಕೆ ಅಂತ ಉಳಿಸಿಕೊಂಡರು. ಆಗ ನಾನು ಸುಮ್ನೆ ದಂಡದ ಸಂಬಳ ಅಂದುಕೊಂಡಿದ್ದೆ.

ಅಪ್ಪನ ನಂತರ ಯಜಮಾನ ಆದಾಗ ನಾನು ಮಾಡಿದ ಮೊದಲ ದೊಡ್ಡ ಕೆಲಸ ಫ್ಲೆಕ್ಸ್ ಮಿಷನ್ ತಂದದ್ದು. 2015ರ ಕೊನೆ. ಊರೆಲ್ಲ ಫ್ಲೆಕ್ಸ್, ಹುಟ್ಟುಹಬ್ಬಕ್ಕೂ ಫ್ಲೆಕ್ಸ್, ತಿಥಿಗೂ ಫ್ಲೆಕ್ಸ್. ಎಲ್ಲರೂ ಹಾಕ್ತಿದ್ದಾರೆ, ನಾವೂ ಹಾಕೋಣ ಅಂತ ಬ್ಯಾಂಕಿನಲ್ಲಿ ಎಂಟು ಲಕ್ಷ ಸಾಲ ಮಾಡಿದೆ. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿತು, ಆ ಪಟ್ಟಿಯಲ್ಲಿ ಫ್ಲೆಕ್ಸೂ ಇತ್ತು. ಬೀದಿಯಲ್ಲಿ ಫ್ಲೆಕ್ಸ್ ಏನೂ ಮಾಯ ಆಗಲಿಲ್ಲ, ಅದು ಬೇರೆ ಮಾತು. ಆದರೆ ಇವತ್ತು ಕಟ್ಟಿದ್ದನ್ನು ನಾಳೆ ನಗರಸಭೆಯವರು ಕಿತ್ತರೆ ಗಿರಾಕಿ ದುಡ್ಡು ಕೊಡಲ್ಲ. ಎರಡು ವರ್ಷ ಕಂತು ಕಟ್ಟಿ ಅರ್ಧ ರೇಟಿಗೆ ಮಾರಿದೆ. ಅದನ್ನೇ ನಾನು ಆಗ ಬದಲಾವಣೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ನಿಜವಾಗಿ ಅದು ಪಕ್ಕದವರನ್ನು ನೋಡಿ ಓಡಿದ್ದು, ಅಷ್ಟೇ. ತರೋ ಮುಂಚೆ ಪ್ರೆಸ್ಸಿನಲ್ಲಿ ಒಬ್ಬರನ್ನೂ ಒಂದು ಮಾತು ಕೇಳಿರಲಿಲ್ಲ.

ಆಮೇಲೆ ಜಿಎಸ್‌ಟಿ. 2017ರ ಜುಲೈ 1ಕ್ಕೆ ಜಾರಿ ಅಂದ ತಕ್ಷಣ ಊರಿನ ಅಂಗಡಿಗಳ ಹಳೇ ಬಿಲ್ ಬುಕ್ಕೆಲ್ಲ ರದ್ದಿಯಾಯಿತು. ವ್ಯಾಟ್ ಕಾಲದ 11 ಅಂಕಿಯ ಟಿನ್ ನಂಬರ್ ಹೋಗಿ 15 ಅಕ್ಷರದ ಜಿಎಸ್‌ಟಿ ನಂಬರ್ ಬಂತು. ಸಾಮಾನು ಮಾರುವವರಿಗೆ ಮೂರು ಪ್ರತಿ, ಗಿರಾಕಿಗೊಂದು, ಲಾರಿಯವರಿಗೊಂದು, ಅಂಗಡಿಗೊಂದು. ಕಾಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿ) ಇರುವವರಿಗೆ ಟ್ಯಾಕ್ಸ್ ಇನ್‌ವಾಯ್ಸ್ ಅಲ್ಲ, ಬಿಲ್ ಆಫ್ ಸಪ್ಲೈ. ಯಾವ ಕಾಲಂ ಎಲ್ಲಿ ಬರಬೇಕು ಅಂತ ಆಡಿಟರ್‌ಗಳಿಗೇ ಒಮ್ಮತ ಇರಲಿಲ್ಲ, ಬೆಳಿಗ್ಗೆ ಓಕೆ ಮಾಡಿದ ಫಾರ್ಮ್ಯಾಟನ್ನು ಸಂಜೆ ಫೋನ್ ಮಾಡಿ ಬದಲಾಯಿಸೋರು, ನಾವು ರಾತ್ರಿ ಎರಡು ಗಂಟೆವರೆಗೂ ಪ್ಲೇಟ್ ಹಾಕಿ ತೆಗೆದು ಮತ್ತೆ ಹಾಕಿ ಓಡಿಸ್ತಿದ್ವಿ. ಒಂದು ಮಂಡಿಯ ಇಪ್ಪತ್ತು ಬುಕ್ ಬೈಂಡಿಂಗ್ ಆಗಿ ಕಟ್ಟು ಕಟ್ಟಿ ಇಟ್ಟ ಮೇಲೆ ಮಾವ ಬಂದು ಒಂದನ್ನು ಎತ್ತಿ, ಕನ್ನಡಕ ಹಣೆಗೇರಿಸಿ, ನಂಬರಿನ ಮೇಲೆ ಬೆರಳಿಟ್ಟರು.

"ಏನಪ್ಪಾ, ಕೊನೆಯಿಂದ ಎರಡನೇದು ಎಲ್ಲಾರದ್ದೂ ಝಡ್ ಇದೆಯಲ್ಲ, ಇವರದ್ದು ಮಾತ್ರ ಹೆಂಗೆ ಎರಡು?"

ಗಿರಾಕಿ ಕೈಯಲ್ಲಿ ಬರೆದುಕೊಟ್ಟಿದ್ದ ಝಡ್ ಅನ್ನು ನಾನು 2 ಅಂತ ಓದಿದ್ದೆ. ಇಪ್ಪತ್ತೂ ಬುಕ್ ವೇಸ್ಟ್. ದಂಡದ ಸಂಬಳ ಅಂದಿದ್ದೆನಲ್ಲ, ಆ ಮಾತು ಅವತ್ತೇ ನುಂಗಿಕೊಂಡೆ.

ಆ ಮೂರು ತಿಂಗಳಲ್ಲಿ ಆದ ದುಡಿಮೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ. ತಲೆ ತಿರುಗಿತು. ಇನ್ನು ಬಿಲ್ ಬುಕ್ಕಲ್ಲೇ ಜೀವನ ಅಂತ ಎರಡು ಲಕ್ಷದ ಪೇಪರ್ ಸ್ಟಾಕ್ ಮಾಡಿದೆ. ನಮ್ಮಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಲ್ಲಿ ಅಕ್ಷರ ಜೋಡಿಸುವ ಕೆಲಸ, ಮಾಡುವ ಹುಡುಗಿ, "ಸಾರ್, ಇದು ಒಂದ್ಸಲದ ಹಬ್ಬ. ರಿಟರ್ನ್ ಆನ್‌ಲೈನ್‌ನಲ್ಲಿ ಹಾಕಬೇಕಾದ್ರೆ ಬಿಲ್ಲನ್ನೂ ಕಂಪ್ಯೂಟರಲ್ಲೇ ಹೊಡೀತಾರೆ" ಅಂದಳು. ಇವಳಿಗೇನು ಗೊತ್ತು ವ್ಯಾಪಾರ ಅಂದುಕೊಂಡೆ. ಒಂದೂವರೆ ವರ್ಷದಲ್ಲಿ ದೊಡ್ಡ ಅಂಗಡಿಗಳೆಲ್ಲ ಕಂಪ್ಯೂಟರಲ್ಲಿ ಲೆಕ್ಕ ಇಡುವ ಟ್ಯಾಲಿ ಸಾಫ್ಟ್‌ವೇರಿಗೆ ಹೋದವು. ಆ ಪೇಪರಿನ ಅಂಚು ಹಳದಿಯಾಗಿ, ಕೊನೆಗೆ ಸ್ಕೂಲಿನವರ ರಫ್ ನೋಟ್‌ಬುಕ್ಕಿಗೆ ಹೋಯಿತು. ಚೆನ್ನಾಗಿ ನಡೀತಿರುವಾಗ ಯಜಮಾನನ ಕಿವಿ ಮುಚ್ಚಿಕೊಳ್ಳುತ್ತೆ. ನನ್ನ ಮಟ್ಟಿಗೆ ನಷ್ಟಕ್ಕಿಂತ ಲಾಭವೇ ಜಾಸ್ತಿ ಹಾಳು ಮಾಡಿದ್ದು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂದಾಗ ಪ್ರೆಸ್ಸಿನಲ್ಲಿ ಹದಿನಾಲ್ಕು ಮದುವೆಯ ಕೆಲಸ ಇತ್ತು. ಐದು ಪ್ರಿಂಟಾಗಿತ್ತು. ಕೆಲವರು ಅಡ್ವಾನ್ಸ್ ವಾಪಸ್ ಕೇಳಿದರು, ಕೊಟ್ಟೆ. ಆಮೇಲೆ ಮದುವೆಗೆ 50 ಜನ ಅಂತ ಮಿತಿ ಬಂತು. ಸಾವಿರ ಕಾರ್ಡಿನವರು ಐವತ್ತಕ್ಕೆ ಬಂದರು, ಅದೂ ಬೇಡ ಫೋನಿಗೆ ಕಳಿಸೋ ಹಾಗೆ ಒಂದು ಮಾಡಿಕೊಡಿ ಸಾಕು ಅಂದರು.

ಮೇ ತಿಂಗಳಲ್ಲಿ ಷಟರ್ ಅರ್ಧ ಎತ್ತಿ ಐದೂ ಜನ ದೂರ ದೂರ ಕೂತೆವು. ನಾನು ಕ್ಯಾಷ್ ಬುಕ್ ತೆಗೆದು ಮಧ್ಯದಲ್ಲಿ ಇಟ್ಟೆ. ಬ್ಯಾಂಕಿನಲ್ಲಿ ಇರೋದು ಇಷ್ಟು, ಬಾಡಿಗೆ ಇಷ್ಟು, ಎರಡು ತಿಂಗಳು ಅರ್ಧ ಸಂಬಳ ಕೊಡಬಲ್ಲೆ, ಆಮೇಲೆ ಏನು ಮಾಡೋದು ನನಗೆ ಗೊತ್ತಿಲ್ಲ ಅಂದೆ. ಅಪ್ಪ ಬದುಕಿದ್ದರೆ ಬೈತಿದ್ದರು. ಲೆಕ್ಕ ಕೆಲಸಗಾರರಿಗೆ ತೋರಿಸೋದು ನಮ್ಮ ಮನೆಯಲ್ಲಿ ಇರಲಿಲ್ಲ. ಹೇಳಿ ಮುಗಿಸೋ ಹೊತ್ತಿಗೆ ನನ್ನ ಬಾಯಿ ಒಣಗಿತ್ತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗಿ ಹೇಳಿದಳು, ಅವರ ಬೀದಿಯಲ್ಲಿ ಮೂರು ಮನೆಯವರು ಮನೆಯಲ್ಲೇ ಚಟ್ನಿಪುಡಿ, ಚಿಪ್ಸ್, ಕೊಬ್ಬರಿ ಎಣ್ಣೆ ಮಾಡಿ ಮಾರೋಕೆ ಶುರು ಮಾಡಿದ್ದಾರೆ, ಲೇಬಲ್ ಸಿಗ್ತಿಲ್ಲ, ಬೆಂಗಳೂರಲ್ಲಿ ಕೇಳಿದರೆ ಕಡಿಮೆ ಅಂದ್ರೂ ಐದು ಸಾವಿರ ಹೊಡೆಸಿ ಅಂತಾರೆ. ಇವರಿಗೆ ಬೇಕಿರೋದು ಇನ್ನೂರು. ಲೇಬಲ್ ಸರಿ, ಬಾಕ್ಸ್ ಕೇಳಿದರೆ ಏನು ಮಾಡೋದು, ರಟ್ಟು ಕತ್ತರಿಸೋ ಪಂಚಿಂಗ್ ಮಿಷನ್ ಎಲ್ಲಿದೆ ಅಂದೆ. ಮಾವ ಮೂಲೆ ಕಡೆ ಕೈ ತೋರಿಸಿದರು.

"ಅದರ ಇಂಕ್ ರೋಲರ್ ಬಿಚ್ಚಿ ಹಾಕು. ಚೇಸ್‌ನಲ್ಲಿ ಮೊಳೆ ಬದಲು ಡೈ ಕಟ್ಟಿದರೆ ಆಯ್ತು. ನಿಮ್ಮಪ್ಪ ಇದರಲ್ಲೇ ಟಿಕೆಟ್ ಬುಕ್ಕಿಗೆ ಪರ್ಫೊರೇಷನ್ ಹೊಡೀತಿರಲಿಲ್ವಾ?"

ಮೊದಲ ಡೈ ಮಾಡಿಸಿದೆವು. ಪ್ಲೈವುಡ್ ಹಲಗೆಯಲ್ಲಿ ಗೆರೆ ಕೊರೆದು ಅದರೊಳಗೆ ಬ್ಲೇಡ್ ಕೂರಿಸಿರುತ್ತಾರೆ, ಕತ್ತರಿಸುವ ಕಡೆ ಚೂಪು, ಮಡಚುವ ಕಡೆ ಮೊಂಡು. ಮಾವ ಅದನ್ನು ಚೇಸ್‌ನಲ್ಲಿ, ಅಂದರೆ ಮೊಳೆ ಬಿಗಿಯುವ ಚೌಕಟ್ಟಿನಲ್ಲಿ, ಬಿಗಿದು, ಒಂದು ಡ್ಯೂಪ್ಲೆಕ್ಸ್ ಬೋರ್ಡ್ (ಬಾಕ್ಸಿನ ರಟ್ಟು) ಕೊಟ್ಟು ಚಕ್ರ ತಿರುಗಿಸಿದರು. ಒಂದು ಕಡೆ ಕತ್ತರಿಸಿತು, ಇನ್ನೊಂದು ಕಡೆ ಬರೀ ಗೀರು. ಹಿಂದೆ ತೆಳು ಕಾಗದದ ಚೂರು ಅಂಟಿಸಿ, ಮತ್ತೆ ಒತ್ತಿ, ಇನ್ನೊಂದು ಚೂರು ಅಂಟಿಸಿ, ಹನ್ನೊಂದನೇ ಬೋರ್ಡಿಗೆ ಬಾಕ್ಸ್ ಸರಿಯಾಗಿ ಬಿಡಿಸಿಕೊಂಡಿತು. ಹುಡುಗಿ ಮಡಚಿ ನಿಲ್ಲಿಸಿದಳು. ಒಳಗೆ ಏನೂ ಇಲ್ಲದ ಆ ಖಾಲಿ ಬಾಕ್ಸನ್ನು ಐದು ಜನ ಕೂತು ನೋಡ್ತಾ ಇದ್ವಿ.

ಆ ವರ್ಷವೇ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಸ್ಕೀಮ್ ಬಂತು, ಸಣ್ಣ ಆಹಾರ ಘಟಕಗಳಿಗೆ ಸಾಲದ ಜೊತೆ 35 ಪರ್ಸೆಂಟ್ ಸಬ್ಸಿಡಿ, ಮಿತಿ 10 ಲಕ್ಷ. ಸ್ವಸಹಾಯ ಸಂಘದವರು, ಹೊಸ ಹುಡುಗರು ಒಬ್ಬೊಬ್ಬರೇ ಬಂದರು. ಲೇಬಲ್ ಅಂದರೆ ಬರೀ ಚಿತ್ರ ಅಲ್ಲ. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರ್, ತೂಕ, ತಯಾರಿಸಿದ ದಿನಾಂಕ, ವೆಜ್ ಅಂತ ತೋರಿಸುವ ಹಸಿರು ಗುರುತು. ಇದರಲ್ಲಿ ಒಂದು ತಪ್ಪಿದರೂ ಮಾಲು ಅಂಗಡಿಯಿಂದ ವಾಪಸ್. ಆ ಅಂಕಿಗಳನ್ನು ಈಗ ಮಾವನೇ ನೋಡಬೇಕು, ಅವರ ಸಹಿ ಇಲ್ಲದೆ ಪ್ಲೇಟಿಗೆ ಹೋಗಲ್ಲ. ನನ್ನ ಸಹಿಗೆ ಅಲ್ಲಿ ಬೆಲೆ ಇಲ್ಲ.

ಒಂದು ಟ್ರೈನಿಂಗ್‌ಗೆ ಹೋಗಿದ್ದಾಗ ಫೋಟೋ ಫಿಲ್ಮ್ ಮಾಡ್ತಿದ್ದ ದೊಡ್ಡ ಕಂಪನಿ ಕೊಡಾಕ್ ಡಿಜಿಟಲ್ ಕಾಲಕ್ಕೆ ಹೊಂದಿಕೊಳ್ಳದೆ ಮುಳುಗಿದ ಕಥೆ ಹೇಳಿದರು. ನಮ್ಮಂಥ ಐದು ಜನರ ಅಂಗಡಿಗೆ ಆ ಕಥೆಯಿಂದ ಏನು ತಗೊಳ್ಳೋದು ಅಂತ ನನಗೆ ಗೊತ್ತಾಗಲಿಲ್ಲ. ನಾನು ಬದಲಾಯಿಸಿಕೊಂಡಿದ್ದು ಎರಡೇ. ಶನಿವಾರ ಸಂಜೆ ಕ್ಯಾಷ್ ಬುಕ್ ಮಧ್ಯದಲ್ಲಿಟ್ಟು ಟೀ ಕುಡೀತೀವಿ. ಮತ್ತೆ ಇಪ್ಪತ್ತು ಸಾವಿರಕ್ಕಿಂತ ಜಾಸ್ತಿ ಏನೇ ಕೊಳ್ಳೋದಿದ್ದರೂ ಅಲ್ಲಿ ಕೇಳ್ತೀನಿ. ಕಳೆದ ವರ್ಷ ನನಗೆ ಡಿಜಿಟಲ್ ಮಿಷನ್ ಆಸೆ ಆಯಿತು. ಮೂರು ಜನ ಬೇಡ ಅಂದರು. ಇವತ್ತಿಗೂ ಹೊಟ್ಟೆ ಉರಿಯುತ್ತೆ, ಅವರು ಹೇಳಿದ್ದು ಸರಿಯೋ ತಪ್ಪೋ ಇನ್ನೂ ಗೊತ್ತಾಗಿಲ್ಲ.

ಮೊನ್ನೆ ಒಬ್ಬ ಹುಡುಗ ತನ್ನ ಮದುವೆ ಕಾರ್ಡನ್ನು ಎಐನಲ್ಲಿ ತಾನೇ ಮಾಡಿಕೊಂಡು ಫೋನಲ್ಲಿ ತಂದಿದ್ದ. ಬಾಳೆಕಂಬ, ಮಾವಿನ ತೋರಣ, ಹಿಂದೆ ತೆಂಗಿನ ತೋಟ, ಚಿತ್ರ ನಿಜವಾಗಲೂ ಚೆಂದ ಇತ್ತು. ಅಕ್ಷರ ದೂರದಿಂದ ಕನ್ನಡದ ಹಾಗೇ ಕಾಣ್ತಿತ್ತು. ಮಾವ ಫೋನ್ ತಗೊಂಡು ನೇರ ಹಿಡಿದು ನೋಡಿದರು, ತಲೆಕೆಳಗು ಮಾಡಿ ನೋಡಿದರು.

"ಯಾವ ಕಡೆಯಿಂದ ಓದಿದರೂ ಇದು ಕನ್ನಡ ಅಲ್ಲವಲ್ಲಪ್ಪಾ."

ಹುಡುಗನ ಮುಖ ಸಪ್ಪಗಾಯಿತು. ನಾನು ಬಾಯಿ ತೆಗೆಯೋ ಮುಂಚೆ ಡಿಟಿಪಿ ಟೇಬಲ್ ಹಿಂದಿನಿಂದ ನಮ್ಮ ಹುಡುಗಿ ಅಂದಳು: "ಚಿತ್ರ ಇಟ್ಕೊಳಿ, ಅಕ್ಷರ ನಾವು ಕೂರಿಸ್ತೀವಿ. ಮುನ್ನೂರು ಆಗುತ್ತೆ. ತಾತ, ಮ್ಯಾಟರ್ ಬರೆಸ್ಕೊಳಿ."