ಕೈಯ ವಾಚು, ಎದೆಯ ಪಟ್ಟಿ ಮತ್ತು ಚಾಮುಂಡಿ ಮೆಟ್ಟಿಲು

ನನಗೆ ಈಗ 46 ವರ್ಷ. ಮೈಸೂರಿನವನು. ವಾರದ ದಿನಗಳಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತೇನೆ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು, ನಡುವೆ ಒಂದು ದಿನ ಜಿಮ್. ಎದೆಬಡಿತ ತೋರಿಸುವ ವಾಚ್ ಕಟ್ಟಲು ಶುರು ಮಾಡಿ ಕೆಲವು ವರ್ಷಗಳೇ ಆದವು. ಕೆರೆ ಏರಿ ಮೇಲೆ ಸಿಗುವವರು ವಾಚ್ ನೋಡಿ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಸಾರ್, ಇದ್ರಲ್ಲಿ ಬರೋ ನಂಬರ್ ನಿಜಾನಾ?"

ನೀವು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ, ಅಂತ ನಾನು ಹೇಳುತ್ತೇನೆ. ಕುಳಿತಿದ್ದರೆ, ಮಲಗಿದ್ದರೆ, ಒಂದೇ ವೇಗದಲ್ಲಿ ನಡೆಯುತ್ತಿದ್ದರೆ ಬಹುಪಾಲು ನಿಜ. ಭಾರ ಎತ್ತುತ್ತಿದ್ದರೆ ಅರ್ಧ ಸುಳ್ಳು. ಓಟದ ಮೊದಲ ಐದು ನಿಮಿಷ ಅದನ್ನು ನೋಡದಿರುವುದೇ ವಾಸಿ.

ವಾಚಿನ ಹಿಂಬದಿಯಲ್ಲಿ ಹಸಿರು ದೀಪ ಮಿನುಗುತ್ತದೆ, ನೋಡಿರುತ್ತೀರಿ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಒಂದೊಂದು ಬಡಿತಕ್ಕೂ ಚರ್ಮದ ಕೆಳಗೆ ರಕ್ತ ಸ್ವಲ್ಪ ಜಾಸ್ತಿ ಬರುತ್ತದೆ, ವಾಪಸ್ ಬರುವ ಬೆಳಕು ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿ ವಾಚು ನಂಬರ್ ಕೊಡುತ್ತದೆ. ಆದರೆ ಕೈ ಅಲ್ಲಾಡಿದಾಗಲೂ ಬೆಳಕು ಏರಿಳಿಯುತ್ತದೆ. ಯಾವುದು ರಕ್ತದ್ದು, ಯಾವುದು ಕೈಯದ್ದು ಎಂದು ಬೇರ್ಪಡಿಸುವುದು ವಾಚಿನೊಳಗಿನ ಲೆಕ್ಕಾಚಾರ. ತೊಂದರೆ ಎಲ್ಲ ಅಲ್ಲೇ.

ಓಡುವವರಿಗೆ ಇದು ಒಂದು ವಿಚಿತ್ರ ರೂಪದಲ್ಲಿ ಎದುರಾಗುತ್ತದೆ. ನಿಧಾನವಾಗಿ ಓಡುತ್ತಿರುತ್ತೀರಿ, ಪಕ್ಕದವರ ಜೊತೆ ಆರಾಮಾಗಿ ಮಾತಾಡುತ್ತಿರುತ್ತೀರಿ, ವಾಚು ಮಾತ್ರ 168, 170 ಅನ್ನುತ್ತಿರುತ್ತದೆ. ನಿಮಿಷಕ್ಕೆ ನಾವು ಇಡುವ ಹೆಜ್ಜೆಯೂ ಸುಮಾರು ಅಷ್ಟೇ. ಅಂದರೆ ವಾಚು ಎದೆಬಡಿತ ಬಿಟ್ಟು ಹೆಜ್ಜೆ ಎಣಿಸಲು ಕೂತಿದೆ! ಕಂಡುಹಿಡಿಯುವುದು ಸುಲಭ. ಓಟ ನಿಲ್ಲಿಸಿ, ಕುತ್ತಿಗೆ ಪಕ್ಕದ ನಾಡಿಯ ಮೇಲೆ ಎರಡು ಬೆರಳಿಟ್ಟು, ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಕೈಗೆ 130 ಸಿಕ್ಕಿ ವಾಚಿನಲ್ಲಿ 170 ಇದ್ದರೆ ಹೆಜ್ಜೆಯದ್ದೇ ಲೆಕ್ಕ. ನಿಂತ ತಕ್ಷಣ ವಾಚಿನ ನಂಬರ್ ಧಡಕ್ಕನೆ ನಲವತ್ತು ಬಿದ್ದರೂ ಅದೇ ಅನುಮಾನ ಪಡಬೇಕು. ನಿಜವಾದ ಎದೆಬಡಿತ ಹಾಗೆ ಒಮ್ಮೆಗೇ ಬೀಳುವುದಿಲ್ಲ, ಇಳಿಯಲು ಸಮಯ ತೆಗೆದುಕೊಳ್ಳುತ್ತದೆ.

ಇದನ್ನು ಕಡಿಮೆ ಮಾಡಲು ನಾನು ಮಾಡುವುದು ಇಷ್ಟೇ. ಓಡುವ ಮೊದಲು ವಾಚನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳಷ್ಟು ಮೇಲಕ್ಕೆ ಸರಿಸುತ್ತೇನೆ. ಅಲ್ಲಿ ಮಾಂಸ ಇದೆ, ಮೂಳೆ ಕಡಿಮೆ. ಪಟ್ಟಿಯನ್ನು ಒಂದು ತೂತು ಬಿಗಿ ಮಾಡುತ್ತೇನೆ, ಓಟ ಮುಗಿದ ಮೇಲೆ ಸಡಿಲ ಬಿಡುತ್ತೇನೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಕೈಯ ರಕ್ತನಾಳಗಳು ಕುಗ್ಗಿರುತ್ತವೆ, ವಾಚಿಗೆ ಏನೂ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಮನೆಯಲ್ಲೇ ಸ್ವಲ್ಪ ಮೈ ಬಿಸಿ ಮಾಡಿಕೊಂಡು ಹೊರಡುತ್ತೇನೆ. ಮಣಿಕಟ್ಟಿನ ಮೇಲೆ ದಟ್ಟ ಹಚ್ಚೆ ಇರುವವರು ಇನ್ನೊಂದು ಕೈಗೆ ಕಟ್ಟಿ ನೋಡಬೇಕು. ಹಚ್ಚೆಯ ಬಣ್ಣ ಬೆಳಕನ್ನು ತಡೆಯುತ್ತದೆ.

ಜಿಮ್ಮಿನ ಕಥೆಯೇ ಬೇರೆ. ಡಂಬೆಲ್ ಬಿಗಿಯಾಗಿ ಹಿಡಿದಾಗ ಮಣಿಕಟ್ಟಿನ ಸ್ನಾಯುಗಳು ಗಟ್ಟಿಯಾಗುತ್ತವೆ, ಮಣಿಕಟ್ಟು ಬಾಗುತ್ತದೆ, ವಾಚು ಚರ್ಮದಿಂದ ಏಳುತ್ತದೆ. ಏದುಸಿರು ಬಿಡುತ್ತಿರುವಾಗ ಅದು 95 ತೋರಿಸಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಹೊಂಡ ತುಂಬಿದ ರಸ್ತೆಯಲ್ಲಿ ಸೈಕಲ್ ಹೊಡೆದರೂ ಇದೇ ಗತಿ.

ಎದೆಗೆ ಕಟ್ಟುವ ಪಟ್ಟಿ ಕೊಂಡಿದ್ದು ಮುಖ್ಯವಾಗಿ ಬೆಟ್ಟಕ್ಕಾಗಿ. ಅದು ಬೆಳಕಿನಿಂದ ಅಳೆಯುವುದಿಲ್ಲ. ಹೃದಯ ಹೊರಡಿಸುವ ವಿದ್ಯುತ್ ಸಂಕೇತವನ್ನೇ ಚರ್ಮದ ಮೇಲಿನಿಂದ ಹಿಡಿಯುತ್ತದೆ. ಇದೇನೂ ಹೊಸದಲ್ಲ. ಫಿನ್ಲೆಂಡಿನ ಪೋಲಾರ್ ಕಂಪನಿ ವೈರ್ ಇಲ್ಲದ ಇಂಥ ಸಾಧನವನ್ನು 1982ರಲ್ಲೇ ಮಾರುಕಟ್ಟೆಗೆ ತಂದಿತ್ತು. ಹಸಿರು ದೀಪದ ವಾಚುಗಳು ಬಂದದ್ದು ಆಮೇಲೆ ಎಷ್ಟೋ ವರ್ಷಕ್ಕೆ.

ಎರಡನ್ನೂ ಒಟ್ಟಿಗೆ ಹೋಲಿಸಬೇಕು ಅನ್ನುವವರಿಗೆ ಒಂದು ಸೂಚನೆ. ಪಟ್ಟಿಯನ್ನು ವಾಚಿಗೇ ಜೋಡಿಸಿದರೆ ವಾಚು ಸಾಮಾನ್ಯವಾಗಿ ತನ್ನ ಲೆಕ್ಕ ಬಿಟ್ಟು ಪಟ್ಟಿಯ ಲೆಕ್ಕವನ್ನೇ ತೋರಿಸುತ್ತದೆ. ನಾನು ಪಟ್ಟಿಯನ್ನು ಫೋನಿಗೆ ಜೋಡಿಸಿ, ವಾಚನ್ನು ಅದರ ಪಾಡಿಗೆ ಬಿಟ್ಟು, ಆಮೇಲೆ ಎರಡೂ ಗ್ರಾಫ್ ಪಕ್ಕಪಕ್ಕ ಇಟ್ಟು ನೋಡಿದೆ. ಕೆರೆ ಸುತ್ತ ಒಂದೇ ಸಮನೆ ಓಡಿದ ದಿನ, ಮೊದಲ ಕೆಲವು ನಿಮಿಷ ಬಿಟ್ಟರೆ, ಎರಡೂ ಗೆರೆ ಒಂದರ ಮೇಲೊಂದು ಕೂತಿದ್ದವು. ಬೆಟ್ಟದಲ್ಲಿ ಹಾಗಾಗಲಿಲ್ಲ. ಸುಮಾರು ಸಾವಿರ ಮೆಟ್ಟಿಲು, ಶುರುವಿನಲ್ಲೇ ಕಡಿದು. ಪಟ್ಟಿ ಒಂದು ನಿಮಿಷದೊಳಗೆ 150 ದಾಟಿದಾಗ ವಾಚು ಇನ್ನೂ 120ರ ಆಸುಪಾಸಿನಲ್ಲಿತ್ತು. ದಣಿವಾರಿಸಲು ನಿಂತರೆ ಪಟ್ಟಿ ಇಳಿಯುತ್ತಿತ್ತು, ಆಗ ವಾಚು ಏರುತ್ತಿತ್ತು! ದೊಡ್ಡ ನಂದಿಯ ಹತ್ತಿರ ಬರುವಷ್ಟರಲ್ಲಿ ಎರಡೂ ಸರಿಹೋಗಿದ್ದವು. ಒಂದು ನಿಮಿಷ ಜೋರು, ಒಂದು ನಿಮಿಷ ನಿಧಾನ ಎಂದು ಓಡುವವರಿಗೆ ಕೈಯ ವಾಚು ಉಪಯೋಗಕ್ಕೆ ಬರುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ.

ನಂಬರ್ ಸರಿಯಾಗಿ ಸಿಕ್ಕಿತು ಅಂದುಕೊಳ್ಳಿ. ಅದನ್ನಿಟ್ಟುಕೊಂಡು ಏನು ಮಾಡುವುದು? ಇಲ್ಲಿ ವಾಚಿಗಿಂತ ದೊಡ್ಡ ಗೊಂದಲ ಇದೆ. ವಾಚು ನಿಮ್ಮ ವಯಸ್ಸು ಕೇಳಿ 220ರಿಂದ ಕಳೆದು ಗರಿಷ್ಠ ಎದೆಬಡಿತ ಇಷ್ಟು ಅನ್ನುತ್ತದೆ. ನನಗೆ 174 ಬರುತ್ತದೆ. 2001ರಲ್ಲಿ ಪ್ರಕಟವಾದ ಇನ್ನೊಂದು ಸೂತ್ರದಲ್ಲಿ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಬೇಕು. ಅದರಲ್ಲಿ 176. ಎರಡೂ ಬಹಳ ಜನರ ಸರಾಸರಿ ಅಷ್ಟೇ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಆಚೀಚೆ ಇರುವುದು ಮಾಮೂಲು. ಬೆಟ್ಟದಲ್ಲಿ ಶಕ್ತಿ ಮೀರಿ ಹತ್ತಿದಾಗ ನನ್ನ ಎದೆಪಟ್ಟಿ 183 ತೋರಿಸಿದೆ. ಸೂತ್ರ ನಂಬಿದ್ದರೆ ನನ್ನ ಹೃದಯ ಮಾಡಲಾಗದ್ದನ್ನು ಮಾಡಿದ ಹಾಗಾಯಿತು. ಡಾಕ್ಟರಿಗೆ ತೋರಿಸಿ, ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡ ಮೇಲೆಯೇ ನಾನು ಹಾಗೆ ಹತ್ತಿದ್ದು. ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇರುವವರು ಸುಮ್ನೆ ಕುತೂಹಲಕ್ಕೆ ಇದನ್ನು ಮಾಡಬಾರದು.

ಈಗ ನಿಜವಾದ ತಮಾಷೆ. ಎಲ್ಲರ ಬಾಯಲ್ಲೂ ಇರುವ 'ಜೋನ್ ಎರಡು', ಅಂದರೆ ಆರಾಮಾಗಿ ಓಡುವ ಮಟ್ಟ, ಗರಿಷ್ಠ ಎದೆಬಡಿತದ ಶೇಕಡಾ 60ರಿಂದ 70. ವಾಚಿನ 174ರ ಲೆಕ್ಕದಲ್ಲಿ ಅದು 104ರಿಂದ 122. ನಾನು ಅಷ್ಟಕ್ಕೆ ಇಳಿಯಬೇಕಾದರೆ ಓಡುವುದು ಬಿಟ್ಟು ನಡೆಯಬೇಕು. ಇನ್ನೊಂದು ವಿಧಾನ ಇದೆ, ಫಿನ್ಲೆಂಡಿನ ಕಾರ್ವೊನೆನ್ ಹೆಸರಿನದು. ಗರಿಷ್ಠದಲ್ಲಿ ವಿಶ್ರಾಂತಿಯ ಬಡಿತ ಕಳೆದು, ಉಳಿದದ್ದರ ಶೇಕಡಾವಾರು ತೆಗೆದು, ವಿಶ್ರಾಂತಿಯ ಬಡಿತವನ್ನು ಮತ್ತೆ ಕೂಡಿಸಬೇಕು. ನನ್ನ ವಿಶ್ರಾಂತಿ ಬಡಿತ 62. 183ರಲ್ಲಿ ಕಳೆದರೆ 121. ಅದರ 60ರಿಂದ 70 ಶೇಕಡಾಕ್ಕೆ 62 ಕೂಡಿಸಿದರೆ 135ರಿಂದ 147. ಒಂದೇ ದೇಹ, ಹೆಸರೂ ಒಂದೇ ಜೋನ್, ಆದರೆ ಮೊದಲನೆಯದು ಮುಗಿಯುವ ಕಡೆಗೂ ಎರಡನೆಯದು ಶುರುವಾಗುವ ಕಡೆಗೂ ನಡುವೆ ಹದಿಮೂರು ಬಡಿತದ ಅಂತರ. ಎರಡು ಕಂಪನಿಯ ವಾಚ್ ಕಟ್ಟಿದ ಇಬ್ಬರು ಗೆಳೆಯರು ಜೋನ್ ಬಗ್ಗೆ ಜಗಳಾಡುವುದನ್ನು ನೋಡಿದಾಗ ನನಗೆ ನಗು ಬರುತ್ತದೆ.

ನಾನು ಕೊನೆಗೆ ಒಪ್ಪಿಕೊಂಡದ್ದು ಮಾತಿನ ಪರೀಕ್ಷೆಯನ್ನು. ಪೂರ್ತಿ ವಾಕ್ಯ ಮಾತಾಡುತ್ತಾ ಓಡಲು ಆಗಬೇಕು. ನನಗೆ ಅದು 140ರ ಆಸುಪಾಸು, ಕಾರ್ವೊನೆನ್ ಲೆಕ್ಕಕ್ಕೆ ಹೊಂದುತ್ತದೆ. ಹಾಗಾಗಿ ವಾಚಿನ ಸೆಟ್ಟಿಂಗ್‌ಗೆ ಹೋಗಿ ಅದು ತಾನೇ ಹಾಕಿದ್ದ ಜೋನ್‌ಗಳನ್ನು ಅಳಿಸಿ ನನ್ನವನ್ನು ತುಂಬಿದೆ. 147 ದಾಟಿದರೆ ವಾಚು ಗುರ್ ಅನ್ನುತ್ತದೆ, ನಾನು ವೇಗ ಇಳಿಸುತ್ತೇನೆ. ಶುರುವಿನಲ್ಲಿ ಇದು ಹಿಂಸೆ. ನಡೆಯುವ ಅಂಕಲ್‌ಗಳೇ ನನ್ನನ್ನು ಹಿಂದೆ ಹಾಕಿದ್ದುಂಟು. ಆಗ 140ಕ್ಕೆ ಒಂದು ಕಿಲೋಮೀಟರಿಗೆ ಏಳೂವರೆ ನಿಮಿಷ ಬೇಕಾಗುತ್ತಿತ್ತು. ಈಗ ಅದೇ 140ಕ್ಕೆ ಆರೂವರೆ ಸಾಕು. ವಾಚಿಗೆ ಕೊಟ್ಟ ದುಡ್ಡಿಗೆ ನನಗೆ ಸಿಕ್ಕ ನಿಜವಾದ ಲಾಭ ಇದೊಂದೇ. ಜೋರಾಗಿ ಓಡಲು ಯಾರೂ ಹೇಳಿಕೊಡಬೇಕಾಗಿಲ್ಲ. ನಿಧಾನಕ್ಕೆ ಓಡು ಅಂತ ಮಾತ್ರ ಯಾರಾದರೂ ಬೆನ್ನು ಹತ್ತಬೇಕು.

ಏಪ್ರಿಲ್‌ನಲ್ಲಿ ಮಾತ್ರ ಈ ನಂಬರಿಗೆ ಅಂಟಿಕೊಳ್ಳುವುದಿಲ್ಲ. ಸೆಕೆಯಲ್ಲಿ ಬೆವರು ಹೋಗಿ ರಕ್ತದಲ್ಲಿ ನೀರು ಕಡಿಮೆಯಾಗುತ್ತದೆ, ಮೈ ತಣಿಸಲು ಒಂದಷ್ಟು ರಕ್ತ ಚರ್ಮದ ಕಡೆ ಹರಿಯುತ್ತದೆ. ಹೃದಯ ಅದೇ ಕೆಲಸಕ್ಕೆ ಜಾಸ್ತಿ ಸಲ ಬಡಿಯಬೇಕು. ಒಂದೇ ವೇಗದಲ್ಲಿ ಓಡಿದರೂ ಮುಕ್ಕಾಲು ಗಂಟೆಯ ಹೊತ್ತಿಗೆ ಹತ್ತು ಬಡಿತ ಮೇಲೆ ಹೋಗಿರುತ್ತದೆ. ಅದು ನಿಮ್ಮ ಫಿಟ್‌ನೆಸ್ ಹಾಳಾದ ಲಕ್ಷಣ ಅಲ್ಲ. ನೀರು ಕುಡಿಯಿರಿ, ಬೇಗ ಮುಗಿಸಿ, ಅಷ್ಟೇ.

ಕ್ಯಾಲೊರಿ ಲೆಕ್ಕದ ಬಗ್ಗೆ ಒಂದು ಮಾತು. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಕೈಪಟ್ಟಿ, ವಾಚುಗಳನ್ನು ಪರೀಕ್ಷಿಸಿದ್ದರು. ಎದೆಬಡಿತದಲ್ಲಿ ಆರು ಸಾಧನಗಳ ತಪ್ಪು ಶೇಕಡಾ 5ರ ಒಳಗಿತ್ತು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ವಾಸಿಯಾದದ್ದೇ ಸರಾಸರಿ ಶೇಕಡಾ 27 ತಪ್ಪಿತ್ತು. ಓಡಿ ಬಂದು ವಾಚ್ ನೋಡಿ ಇನ್ನೊಂದು ಮಸಾಲೆ ದೋಸೆ ಹೇಳುವವರು ಇದನ್ನು ನೆನಪಿಡಬಹುದು.

ಬೆಳಗಿನ ವಿಶ್ರಾಂತಿ ಬಡಿತವನ್ನು ಮಾತ್ರ ನಾನು ತಪ್ಪದೆ ನೋಡುತ್ತೇನೆ. ಕೈ ಅಲ್ಲಾಡದಿರುವಾಗ ವಾಚು ಚೆನ್ನಾಗಿ ಅಳೆಯುತ್ತದಲ್ಲ, ಹಾಗಾಗಿ ನಂಬಬಹುದು. ಒಂದು ದಿನದ ನಂಬರಿಗೆ ಬೆಲೆ ಇಲ್ಲ, ವಾರದ ಗೆರೆ ನೋಡಬೇಕು. ಎರಡು ಮೂರು ದಿನ ಏಳೆಂಟು ಬಡಿತ ಮೇಲೇ ಇದ್ದರೆ ನಿದ್ದೆ ಕೆಟ್ಟಿರುತ್ತದೆ, ಇಲ್ಲ ನೆಗಡಿ ಜ್ವರ ಬರುವುದರಲ್ಲಿರುತ್ತದೆ. ಆ ದಿನ ಸುಮ್ನೆ ನಡೆದು ಬರುತ್ತೇನೆ.

ನಮ್ಮ ಬೀದಿಯ ಹಿರಿಯರೊಬ್ಬರು ಒಮ್ಮೆ ಗಾಬರಿಯಾಗಿ ಬಂದಿದ್ದರು. "ಎಷ್ಟು ಬಿರುಸಾಗಿ ನಡೆದ್ರೂ ನೂರು ದಾಟೋದಿಲ್ಲಪ್ಪ, ವಾಚ್ ಕೆಟ್ಟಿದೆಯಾ?" ಅಂದರು. "ಬಿಪಿಗೆ ಯಾವ ಮಾತ್ರೆ ತಗೋತೀರಿ ಸಾರ್?" ಅಂತ ಕೇಳಿದೆ. ಮೆಟೊಪ್ರೊಲಾಲ್ ಅಂದರು. ಆ ಜಾತಿಯ ಮಾತ್ರೆಗಳ ಕೆಲಸವೇ ಎದೆಬಡಿತ ತಗ್ಗಿಸುವುದು. ಅಂಥವರಿಗೆ 220ರ ಸೂತ್ರವೂ ಇಲ್ಲ, ವಾಚಿನ ಜೋನೂ ಇಲ್ಲ. ಎಷ್ಟು ಶ್ರಮ ಮಾಡಬಹುದು ಅಂತ ಅವರ ಡಾಕ್ಟರೇ ಹೇಳಬೇಕು. ಇಸಿಜಿ ತೆಗೆಯುವ ವಾಚುಗಳೂ ಬಂದಿವೆ, ಬಡಿತದ ಲಯ ತಪ್ಪಿದ್ದರೆ ಸೂಚನೆ ಕೊಡುತ್ತವೆ. ಆದರೆ ಹೃದಯಾಘಾತ ಅವುಗಳಿಗೆ ಗೊತ್ತಾಗುವುದಿಲ್ಲ. ಎದೆ ನೋವು ಬಂದಾಗ ವಾಚ್ ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಪಟ್ಟಿ ಕೊಳ್ಳುವವರಿಗೆ ಇಷ್ಟು. ಕಟ್ಟುವ ಮೊದಲು ಒಳಬದಿಯ ರಬ್ಬರ್ ಭಾಗವನ್ನು ನೀರಿನಲ್ಲಿ ಒದ್ದೆ ಮಾಡಿ. ಒಣಗಿದ ಪಟ್ಟಿ ಬೆವರು ಬರುವವರೆಗೂ ಬಾಯಿಗೆ ಬಂದ ನಂಬರ್ ಹೇಳುತ್ತದೆ. ಓಟ ಮುಗಿದ ಮೇಲೆ ಗುಂಡಿಯಂಥ ಯಂತ್ರವನ್ನು ಬಿಚ್ಚಿಡಿ, ಒದ್ದೆ ಪಟ್ಟಿಗೆ ಸಿಕ್ಕಿಸಿಯೇ ಇಟ್ಟರೆ ಸೆಲ್ ಸುಮ್ಮನೆ ಖರ್ಚಾಗುತ್ತದೆ. ಪಟ್ಟಿಯನ್ನು ತಣ್ಣೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬೆವರಿನ ಉಪ್ಪು ಕೂತರೆ ಹೊಸ ಪಟ್ಟಿಯೂ ಬೇಗ ಹಾಳು. ಸೆಲ್ ಬಹಳಷ್ಟು ಮಾಡೆಲ್‌ಗಳಲ್ಲಿ ವಾಚ್ ಅಂಗಡಿಯಲ್ಲೇ ಸಿಗುವ ಬಟನ್ ಸೆಲ್. ನಂಬರ್ ಆಗಾಗ ಮಾಯವಾಗಲು ಶುರುವಾದರೆ ಪಟ್ಟಿ ಬದಲಿಸುವ ಮುಂಚೆ ಅದನ್ನು ಬದಲಿಸಿ ನೋಡಿ.